ಬೇಲಿಯೂ ಒಂದು ಬೆಳೆ

ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತು. ರಾಗಿಯ ತೆನೆ ಬಾಗುತ್ತಿದೆ, ತೊಗರಿ ಹೂವಿಗೆ ಬರುತ್ತಿದೆ, ಅವರೆ ಬಳ್ಳಿ ಹಬ್ಬುತ್ತಿದೆ. ಈ ದಿನಗಳಲ್ಲಿ ನಿಮ್ಮ ಕಣ್ಣೆಲ್ಲ ಹೊಲದ ಮೇಲೆಯೇ ಇರುತ್ತದೆ, ಅದು ಸರಿಯೆ. ಆದರೆ ಇವತ್ತು ನಾನು ನಿಮ್ಮನ್ನು ಹೊಲದ ಒಳಕ್ಕೆ ಕರೆಯುವುದಿಲ್ಲ. ಹೊಲದ ಸುತ್ತ ಒಂದು ಸುತ್ತು ಹಾಕೋಣ ಬನ್ನಿ. ಬದುವಿನ ಮೇಲೆ ಬೇಲಿ ಇದೆಯಲ್ಲ, ಅದರ ವಿಚಾರ ನಾಲ್ಕು ಮಾತು ಹೇಳಬೇಕಾಗಿದೆ.

ಬೇಲಿ ಅಂದ ಕೂಡಲೆ ನಮಗೆ ನೆನಪಾಗುವ ಗಾದೆ ಒಂದೇ: ಬೇಲಿಯೇ ಎದ್ದು ಹೊಲ ಮೇಯ್ದಂತೆ. ಪಾಪ, ಬೇಲಿಗೆ ಸುಮ್ಮನೆ ಬಂದ ಕೆಟ್ಟ ಹೆಸರು ಅದು. ನಿಜವಾಗಿ ನೋಡಿದರೆ ಬೇಲಿ ಹೊಲ ಮೇಯುವುದಿಲ್ಲ. ನಮ್ಮ ಊರಿನ ಮಕ್ಕಳು, ಕುರಿ ಕಾಯುವವರು, ಹಕ್ಕಿಪಕ್ಕಿಗಳು ಬೇಲಿಯನ್ನು ಮೇಯುತ್ತಾರೆ. ಮೇಯಲಿ ಬಿಡಿ. ಆದರೆ ಯಾವುದನ್ನು ಮೇಯಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಮನೆಯ ಹಿರಿಯರಿಗಾದರೂ ಗೊತ್ತಿರಬೇಕು.

ಹೋದ ವರ್ಷ ಇದೇ ದಿನಗಳಲ್ಲಿ ಬಯಲುಸೀಮೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬ ರೈತರು ಯಂತ್ರ ತರಿಸಿ ಹಳೆಯ ಬೇಲಿಯನ್ನೆಲ್ಲ ಬುಡಸಹಿತ ಕೀಳಿಸಿ, ಕಲ್ಲುಕಂಬ ನಿಲ್ಲಿಸಿ ಮುಳ್ಳುತಂತಿ ಎಳೆಸಿದ್ದರು. ಮೂಲೆಯಲ್ಲಿ ಒಬ್ಬ ಅಜ್ಜಿ ಖಾಲಿ ಪುಟ್ಟಿ ಹಿಡಿದು ನಿಂತಿದ್ದಳು.

“ಯಾಕಜ್ಜಿ, ಏನು ಹುಡುಕ್ತಾ ಇದೀರಿ?” ಅಂದೆ.

“ಹುಡುಕೋದೇನಪ್ಪಾ, ಈ ಮೂಲೇಲಿ ಐದು ಸೀತಾಫಲದ ಗಿಡ ಇದ್ವು. ದೀಪಾವಳಿ ಹೊತ್ಗೆ ಸಂತೇಲಿ ಮಾರಿ ಮೊಮ್ಮಗಳಿಗೆ ಒಂದು ಲಂಗ ತರ್ತಿದ್ದೆ. ಈ ತಂತೀಲಿ ಏನು ಬಿಡ್ತದೆ ಹೇಳು?” ಅಂದಳು.

ಹೊಲದ ಯಜಮಾನರೂ ಅಲ್ಲೇ ಇದ್ದರು. ಅವರೇನೂ ಕೆಟ್ಟವರಲ್ಲ. “ನೋಡಿ ಸ್ವಾಮಿ, ಬೇಲಿ ಅಂದ್ರೆ ನಾಲ್ಕು ಸಾಲು ರಾಗಿಗೆ ನೆರಳು, ಇಲಿ ಹಾವಿಗೆ ಮನೆ. ಅದರ ಬೇರು ನನ್ನ ನೀರು ಕುಡೀತದೆ” ಅಂದರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದ್ದರಿಂದ ಬೇಲಿಯ ಲೆಕ್ಕವನ್ನು ಎರಡೂ ಕಡೆಯಿಂದ ನೋಡೋಣ. ಮೊದಲು ಬೇಲಿ ಕೊಡುವುದೇನು?

ಸೀತಾಫಲದಿಂದಲೇ ಶುರು ಮಾಡೋಣ. ಈ ಗಿಡದ ಮೂಲ ನಮ್ಮ ನಾಡಲ್ಲ, ಅಮೆರಿಕ ಖಂಡದ ಬಿಸಿ ಸೀಮೆ. ಆದರೂ ನಮ್ಮ ಕಲ್ಲುನೆಲಕ್ಕೆ ಎಷ್ಟು ಒಗ್ಗಿಕೊಂಡಿದೆಯೆಂದರೆ, ಯಾರೂ ನೆಡದೆ, ಯಾರೂ ನೀರು ಹಾಕದೆ ಬದುಗಳ ಮೇಲೆ, ಗುಡ್ಡದ ಕುರುಚಲಿನಲ್ಲಿ ತಾನೇ ಬೆಳೆಯುತ್ತದೆ. ಎಲೆಗೆ ಒಂದು ಬಗೆಯ ಘಾಟು ವಾಸನೆ ಇರುವುದರಿಂದ ಆಡುಗಳು ಕೂಡ ಬಾಯಿ ಹಾಕುವುದಿಲ್ಲ. ಆಡು ಬಿಟ್ಟ ಗಿಡ ಬೇಲಿಗೆ ಒಳ್ಳೆಯ ಗಿಡ ಎಂದು ತಿಳಿಯಿರಿ. ಮುಂಗಾರು ಕಳೆದ ಮೇಲೆ ಹಣ್ಣು ಸುರುವಾಗಿ ದೀಪಾವಳಿ ದಾಟಿ ಬರುತ್ತದೆ. ಕಾಯಿ ಬಲಿತದ್ದು ಹೇಗೆ ಗೊತ್ತಾಗುತ್ತದೆ? ಮೈಮೇಲಿನ ಕಣ್ಣುಗಳು ಒಂದರಿಂದೊಂದು ಅಗಲವಾಗಿ, ನಡುವಣ ಸಂದು ಬೆಣ್ಣೆಯ ಹಳದಿಗೆ ತಿರುಗಬೇಕು. ಆಗ ಕಿತ್ತು ಹುಲ್ಲಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಹಣ್ಣಾಗುತ್ತದೆ. ಮೊದಲೇ ಕಿತ್ತರೆ ಕಲ್ಲಾಗಿಯೇ ಒಣಗುತ್ತದೆ. ಒಂದು ಎಚ್ಚರಿಕೆ: ತಿರುಳು ಅಮೃತವಾದರೂ ಬೀಜ ವಿಷ. ಹೇನಿಗೆಂದು ಬೀಜದ ಪುಡಿಯನ್ನು ತಲೆಗೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿ ಇದೆ. ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ದಯವಿಟ್ಟು ಆ ರೂಢಿಯನ್ನು ಬಿಡಿ.

ಮುಂದಿನ ಗಿಡ ಬೋರೆ. ಕೆಲವರು ಎಲಚಿ ಎನ್ನುತ್ತೀರಿ, ಕೆಲವರು ಬಾರೆ ಎನ್ನುತ್ತೀರಿ. ಈಗ ಅದರಲ್ಲಿ ಸಣ್ಣ ಸಣ್ಣ ಹೂವು, ಮಿಡಿ. ಜೇನುನೊಣ ಮುತ್ತಿಕೊಂಡಿರುವುದನ್ನು ನೀವೇ ನೋಡಬಹುದು. ಕಾರ್ತಿಕ ಕಳೆಯುತ್ತಿದ್ದ ಹಾಗೆ ಹಣ್ಣು ಬಣ್ಣ ತಿರುಗಿ, ಸಂಕ್ರಾಂತಿಯ ದಿನ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುವ ಹೊತ್ತಿಗೆ ಗಿಡ ತುಂಬಿರುತ್ತದೆ. ಪೇಟೆಯಿಂದ ತರುವ ಸೇಬಿಗಿಂತ ಈ ಬಡವರ ಹಣ್ಣಿನಲ್ಲಿ ಸಿ ಜೀವಸತ್ವ ಹಲವು ಪಟ್ಟು ಹೆಚ್ಚು. ಇದರದೇ ತಮ್ಮ ಪರಗಿ. ಅದನ್ನು ಸೂರಿಮುಳ್ಳು ಎಂದೂ ಕರೆಯುತ್ತಾರೆ. ಬಳ್ಳಿಯ ಹಾಗೆ ಬೇಲಿಯ ಮೇಲೆ ಬಾಗಿ ಹತ್ತುತ್ತದೆ. ಕೊಕ್ಕೆಮುಳ್ಳು ಬಟ್ಟೆಗೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಕಡಲೆ ಗಾತ್ರದ ಕರಿಹಣ್ಣು, ಹುಳಿಸಿಹಿ. ತಿನ್ನುವುದಕ್ಕೆ ಅಡ್ಡಿಯಿಲ್ಲ.

ಕಾರೆ ಹಣ್ಣು ಗೊತ್ತಲ್ಲ? ಎದುರುಬದುರಾಗಿ ನೆಟ್ಟಗೆ ಮುಳ್ಳಿರುವ ಗಿಡ್ಡನೆಯ ಪೊದೆ. ಹಳದಿಗೆ ತಿರುಗಿದ ಹಣ್ಣು ಸಿಹಿಯಾಗಿರುತ್ತದೆ. ಶಾಲೆಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಎಷ್ಟೋ ಜನ ಕಾರೆ ಹಣ್ಣಿನಿಂದಲೇ ಜೇಬು ಕೊಳೆ ಮಾಡಿಕೊಂಡು ತಾಯಿಯ ಹತ್ತಿರ ಬೈಸಿಕೊಂಡವರು.

ಕವಳಿಯ ಸುಗ್ಗಿ ಈಗಿನದಲ್ಲ. ಬೇಸಿಗೆಯ ಕೊನೆಯಲ್ಲಿ ಅದರ ಹಸಿರುಕಾಯಿ ಉಪ್ಪಿನಕಾಯಿಗೆ ಬರುತ್ತದೆ, ಮಳೆ ಬಿದ್ದ ಮೇಲೆ ಹಣ್ಣು ಕಪ್ಪಾಗುತ್ತದೆ. ಈ ಹೊತ್ತಿಗೆ ತಡವಾಗಿ ಕಟ್ಟಿದ ಒಂದೆರಡು ಹಣ್ಣು ಸಿಕ್ಕರೆ ನಿಮ್ಮ ಅದೃಷ್ಟ. ಆದರೂ ಬೇಲಿ ಗಿಡಗಳಲ್ಲಿ ಕವಳಿಯಂಥದು ಬೇರೆ ಇಲ್ಲ. ಜೋಡಿ ಮುಳ್ಳು, ಒತ್ತಾದ ಕೊಂಬೆ, ವರ್ಷವೆಲ್ಲ ಹಸಿರು. ದನ ನುಗ್ಗುವ ಮಾತೇ ಇಲ್ಲ.

ಪೊದೆಯ ಬುಡದಲ್ಲಿ ಗಣಿಕೆ ಸೊಪ್ಪು ಇರುತ್ತದೆ. ಅದರ ಕಾಕಿ ಹಣ್ಣು ಚೆನ್ನಾಗಿ ಕಪ್ಪಗೆ ಮಾಗಿದ ಮೇಲೆ ಮಕ್ಕಳು ತಿನ್ನುತ್ತಾರೆ. ಹಸಿರುಕಾಯಿ ಮಾತ್ರ ಬೇಡ, ಅದರಲ್ಲಿ ನಂಜು ಇದೆ. ಒಂದೇ ಗಿಡ, ಒಂದೇ ಗೊಂಚಲು. ಹಸಿರು ಕೆಟ್ಟದ್ದು, ಕಪ್ಪು ಒಳ್ಳೆಯದು. ಬೇಲಿಯ ಹಣ್ಣು ತಿನ್ನುವವರು ಮೊದಲು ಕಲಿಯಬೇಕಾದ ಪಾಠ ಇದು.

ಇನ್ನು ಮುಟ್ಟಬಾರದವುಗಳ ಮಾತು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಹೆಣ್ಣುಮಕ್ಕಳನ್ನೂ ಶಾಲೆಯ ಹುಡುಗರನ್ನೂ ಹತ್ತಿರ ಕೂರಿಸಿಕೊಳ್ಳಿ.

ಮರಹರಳು ಎಂಬ ಗಿಡ ಇದೆ. ಕಾಡುಹರಳು ಎಂದೂ ಹೇಳುತ್ತಾರೆ. ದನ ಮುಟ್ಟುವುದಿಲ್ಲ, ಕೊಂಬೆ ಊರಿದರೆ ಚಿಗುರುತ್ತದೆ ಎಂದು ಮೊದಲಿನಿಂದಲೂ ಬೇಲಿಗೆ ನೆಡುತ್ತಿದ್ದರು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಇದರ ಎಣ್ಣೆಯಿಂದ ಡೀಸೆಲ್ ತೆಗೆಯಬಹುದೆಂದು ಶಿಫಾರಸು ಮಾಡಿದ ಮೇಲೆ ಇನ್ನೂ ಹೆಚ್ಚಾಗಿ ನೆಟ್ಟರು. ಅದರ ಕಾಯಿ ಒಣಗಿ ಒಡೆದರೆ ಒಳಗೆ ಕಪ್ಪು ಬೀಜ. ಸಿಪ್ಪೆ ಸುಲಿದರೆ ಬೆಳ್ಳಗೆ ತಿರುಳು. ಬಾಯಿಗೆ ಹಾಕಿದರೆ ಕಡಲೆಕಾಯಿ ಬೀಜದ ರುಚಿ. ಅಲ್ಲೇ ಇರುವುದು ಅಪಾಯ. ಕಹಿಯಾಗಿದ್ದರೆ ಮಕ್ಕಳು ಉಗುಳಿಬಿಡುತ್ತಿದ್ದರು. ಒಂದು ಸಾರಿ ನಾನು ಕಣ್ಣಾರೆ ಕಂಡದ್ದು: ಶಾಲೆ ಬಿಟ್ಟು ಬರುತ್ತಿದ್ದ ನಾಲ್ವರು ಮಕ್ಕಳು ಹಂಚಿಕೊಂಡು ತಿಂದಿದ್ದರು. ಮನೆ ಸೇರಿದ ಸ್ವಲ್ಪ ಹೊತ್ತಿಗೆ ಒಬ್ಬರಾದ ಮೇಲೊಬ್ಬರಿಗೆ ವಾಂತಿ, ಹೊಟ್ಟೆನೋವು, ಭೇದಿ. ಊರಿನವರು ದೃಷ್ಟಿ ಎಂದರು, ನೀರು ಕೆಟ್ಟಿದೆ ಎಂದರು. ಚಿಕ್ಕವನ ಚಡ್ಡಿಯ ಜೇಬಿನಲ್ಲಿ ಎರಡು ಬೀಜ ಉಳಿದಿದ್ದವು. ಅದನ್ನು ಕಂಡಾಗಲೇ ಗೊತ್ತಾದದ್ದು. ಬೇಗ ಆಸ್ಪತ್ರೆಗೆ ಸೇರಿಸಿ ದ್ರವ ಕೊಡಿಸಿದ್ದರಿಂದ ನಾಲ್ವರೂ ಉಳಿದರು.

ಎರಡನೆಯದು ಗುಲಗಂಜಿ. ಕೆಂಪು ಮೈ, ಕರಿ ಕಣ್ಣು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ ಇದೇ. ಇದರ ಬಳ್ಳಿ ಬೇಲಿಯ ಮೇಲೆ ಹಬ್ಬಿ, ಕಾಯಿ ಒಣಗಿ ಬಾಯಿಬಿಟ್ಟಾಗ ಮಕ್ಕಳು ಆಸೆಪಡದೆ ಇರುವುದೇ ಇಲ್ಲ. ಗಟ್ಟಿ ಸಿಪ್ಪೆಯ ಬೀಜವನ್ನು ಅಗಿಯದೆ ನುಂಗಿದರೆ ಹಾಗೆಯೇ ಹೊರಗೆ ಬಂದುಬಿಡಬಹುದು. ಅಗಿದರೆ, ಅಥವಾ ಸರ ಮಾಡಲು ಚುಚ್ಚಿದ ಬೀಜ ಹೊಟ್ಟೆಗೆ ಹೋದರೆ, ಪ್ರಾಣಕ್ಕೇ ಅಪಾಯ. ಹರಳುಬೀಜ, ಉತ್ತರದ ಕಡೆಯವರು ಔಡಲ ಅನ್ನುವುದು, ಅದರ ವಿಷವೂ ಇದೇ ಜಾತಿಯದು.

ಮೂರನೆಯದು ಹಳದಿ ಕಣಗಿಲೆ. ಗಂಟೆಯಾಕಾರದ ಹೂವು, ದೇವರಿಗೂ ಏರಿಸುತ್ತಾರೆ. ಅದರ ಹಸಿರುಕಾಯಿಯೊಳಗಿನ ಬೀಜ ನೇರವಾಗಿ ಹೃದಯವನ್ನೇ ಹಿಡಿಯುತ್ತದೆ. ನಾಲ್ಕನೆಯದು ಉಮ್ಮತ್ತಿ, ಮುಳ್ಳುಮುಳ್ಳು ಕಾಯಿ, ಒಳಗಿನ ಬೀಜ ತಿಂದವರಿಗೆ ಬಾಯಿ ಒಣಗಿ, ಬುದ್ಧಿ ಕೆಟ್ಟು ಏನೇನೋ ಬಡಬಡಿಸುತ್ತಾರೆ. ಐದನೆಯದು ಲಂಟಾನ. ಇದರ ಹಸಿರುಕಾಯಿ ಮಕ್ಕಳಿಗೆ ನಂಜು. ಎಲೆ ದನಗಳಿಗೆ ನಂಜು. ಮೇವಿಲ್ಲದೆ ತಿಂದ ದನಕ್ಕೆ ಕಾಮಾಲೆ ಹಿಡಿದು, ಬಿಸಿಲು ತಾಗಿದ ಕಡೆ ಚರ್ಮ ಒಡೆದು ಸುಲಿಯುತ್ತದೆ.

“ಹಕ್ಕಿ ತಿಂದರೆ ಮನುಷ್ಯರೂ ತಿನ್ನಬಹುದು” ಎಂಬ ಒಂದು ಮಾತು ಹಳ್ಳಿಗಳಲ್ಲಿ ಇದೆ. ಇದು ಪೂರ್ತಿ ತಪ್ಪು. ಹಕ್ಕಿಯ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ಹಕ್ಕಿ ತಿರುಳು ಅರಗಿಸಿಕೊಂಡು ಬೀಜ ಉದುರಿಸುತ್ತದೆ. ನಮ್ಮ ಮಗು ಬೀಜವನ್ನೇ ಅಗಿಯುತ್ತದೆ. ರುಚಿ ನೋಡಿ ತಿಳಿಯುತ್ತೇನೆ ಎನ್ನುವುದೂ ತಪ್ಪು; ಮರಹರಳಿನ ರುಚಿ ಎಂಥದೆಂದು ಈಗತಾನೆ ಹೇಳಿದೆನಲ್ಲ. ಹೆಸರು ಗೊತ್ತಿಲ್ಲದ ಹಣ್ಣನ್ನು ಬಾಯಿಗೆ ಹಾಕಬಾರದು. ಮಕ್ಕಳಿಗೆ ಈ ಒಂದು ಮಾತು ಕಲಿಸಿದರೆ ಸಾಕು.

ಅಕಸ್ಮಾತ್ ತಿಂದರೆ ಏನು ಮಾಡಬೇಕು? ಬಾಯಲ್ಲಿ ಉಳಿದದ್ದನ್ನು ತೆಗೆಸಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದರಿಂದ ಇನ್ನೊಂದು ಅನಾಹುತವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. 108ಕ್ಕೆ ಫೋನು ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ತಿಂದ ಕಾಯಿಯನ್ನೋ ಬೀಜವನ್ನೋ, ಎಲೆಸಹಿತ ಒಂದು ರೆಂಬೆಯನ್ನೋ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ ತಿಂದದ್ದೆಂದು ವೈದ್ಯರಿಗೆ ಹೇಳಿ. ಗುಲಗಂಜಿ, ಹರಳು ತಿಂದವರಿಗೆ ಹಲವು ಗಂಟೆ ಏನೂ ಆಗದೆ ಆಮೇಲೆ ಕಾಣಿಸಿಕೊಳ್ಳಬಹುದು. “ಮಗು ಆಟ ಆಡ್ತಾ ಇದೆ, ಏನೂ ಆಗಿಲ್ಲ” ಎಂದು ಸುಮ್ಮನಿರಬೇಡಿ.

ಇನ್ನೊಂದು ವಿಷ ನಾವೇ ಹಾಕುವುದು. ತೊಗರಿಗೆ, ಹತ್ತಿಗೆ ಔಷಧಿ ಹೊಡೆಯುವ ಕಾಲವೂ ಇದೇ. ಗಾಳಿಗೆ ಅದು ಬೇಲಿಯ ಮೇಲೆ ಕೂರುತ್ತದೆ. ಸೀತಾಫಲ ತಿನ್ನುವ ಮಗುವಿಗೆ ಅದು ಕಾಣುವುದಿಲ್ಲ. ಆದ್ದರಿಂದ ಗಾಳಿ ಬೇಲಿಯ ಕಡೆಗೆ ಬೀಸುವಾಗ ಹೊಡೆಯಬೇಡಿ. ಹೊಡೆದ ದಿನ ಬೇಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಮಕ್ಕಳಿಗೆ ತಿಳಿಸಿ. ಡಬ್ಬಿಯ ಮೇಲೆ ಎಷ್ಟು ದಿನ ಕೊಯ್ಯಬಾರದೆಂದು ಬರೆದಿದೆಯೋ ಅಷ್ಟು ದಿನ ಆ ಕಡೆಯ ಬೇಲಿ ಹಣ್ಣನ್ನೂ ಬಿಡಿ. ಆಮೇಲೂ ತೊಳೆದೇ ತಿನ್ನಿರಿ.

ಈಗ ಆ ಯಜಮಾನರ ಲೆಕ್ಕಕ್ಕೆ ಬರೋಣ. ಬೇಲಿ ಜಾಗ ತಿನ್ನುತ್ತದೆ, ನೆರಳು ಮಾಡುತ್ತದೆ ಎಂಬುದು ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ಸವರದೆ ಬಿಟ್ಟ ಬೇಲಿಯ ದೋಷ ಅದು. ಎದೆಯೆತ್ತರಕ್ಕೆ, ಮೂರಡಿ ಅಗಲಕ್ಕೆ ಸವರಿದ ಬೇಲಿ ಹೊಲವನ್ನು ತಿನ್ನುವುದಿಲ್ಲ. ಅದರ ಬೇರು ಬದುವನ್ನು ಹಿಡಿದಿಡುತ್ತದೆ. ಜಡಿಮಳೆಗೆ ಬದು ಒಡೆದು ಮೇಲುಮಣ್ಣು ಹಳ್ಳ ಸೇರಿದರೆ ತಂತಿ ಅದನ್ನು ತಡೆಯುತ್ತದೆಯೇ? ಬೀಸುಗಾಳಿಯ ಬಿರುಸನ್ನು ಬೇಲಿ ಮುರಿಯುತ್ತದೆ. ಜೇನುನೊಣ, ಜೇಡ, ಹುಳ ಹೆಕ್ಕುವ ಹಕ್ಕಿ, ಇವಕ್ಕೆ ನೆಲೆ ಕೊಡುತ್ತದೆ. ಇಲಿಯೂ ಇರುತ್ತದೆ, ಇಲಿ ಹಿಡಿಯುವ ಹಾವು ಗೂಬೆಗಳೂ ಇರುತ್ತವೆ. ಕಾಡುಹಂದಿಯ ಕಾಟವಿರುವ ಕಡೆ ಬರೀ ಬೇಲಿ ಸಾಲದು, ಒಪ್ಪುತ್ತೇನೆ. ಅಲ್ಲಿ ತಂತಿ ಎಳೆಯಿರಿ, ಆದರೆ ಬೇಲಿ ಕೀಳದೆ ಅದರ ಪಕ್ಕದಲ್ಲಿ ಎಳೆಯಿರಿ.

ಬೇಲಿ ಹಾಕುವವರು ಒಂದೇ ಗಿಡವನ್ನು ನಂಬಬಾರದು. ಇದಕ್ಕೆ ಪಾಪಾಸುಕಳ್ಳಿಯ ಕಥೆಯೇ ಸಾಕ್ಷಿ. ಇದೂ ಅಮೆರಿಕದಿಂದ ಬಂದದ್ದೇ. ಒಂದು ಕಾಲಕ್ಕೆ ದಕ್ಷಿಣದ ಹಳ್ಳಿಗಳ ಸುತ್ತ ಇದರದೇ ಕೋಟೆ; ಬೇಲಿಯಿಂದ ಇಳಿದು ಹೊಲವನ್ನೂ ಗೋಮಾಳವನ್ನೂ ನುಂಗಿತು. 1795ರಲ್ಲಿ ಕೆಂಪುಬಣ್ಣದ ಆಸೆಗೆ ಬ್ರೆಜಿಲ್‌ನಿಂದ ತಂದ ಹುಳು ಬೇರೆ ಜಾತಿಯದಾಗಿ, ಬಣ್ಣ ಕೊಡುವ ಬದಲು ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಬಗೆಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಹುಳು ತಂದು ಬಿಟ್ಟರು. ಬೆಳ್ಳನೆಯ ಹತ್ತಿಯಂತೆ ಅಂಟಿಕೊಂಡು ರಸ ಹೀರುವ ಆ ಪುಟ್ಟ ಹುಳು ಕೆಲವೇ ವರ್ಷಗಳಲ್ಲಿ ಕಳ್ಳಿಯ ಕೋಟೆಗಳನ್ನು ಕೊಳೆಸಿ ಕೆಡವಿತು. ಹೊಲ ಬಿಡುಗಡೆಯಾಯಿತು, ನಿಜ. ಆದರೆ ಕಳ್ಳಿಯೊಂದನ್ನೇ ನಂಬಿದವರ ಬೇಲಿಯೂ ಹೋಯಿತು. ನಾಲ್ಕು ಜಾತಿಯ ಗಿಡವಿದ್ದರೆ ಒಂದಕ್ಕೆ ರೋಗ ಬಂದರೂ ಮೂರು ನಿಲ್ಲುತ್ತವೆ. ಅಂದಹಾಗೆ, ಈಗಲೂ ಅಲ್ಲಲ್ಲಿ ಕಳ್ಳಿ ಹಣ್ಣು ಸಿಗುತ್ತದೆ. ಅದರ ಮೈಮೇಲಿನ ಕೂದಲಿನಂಥ ಸಣ್ಣ ಮುಳ್ಳನ್ನು ಮರಳಿನಲ್ಲಿ ಚೆನ್ನಾಗಿ ಉಜ್ಜಿ, ಸಿಪ್ಪೆ ತೆಗೆದು ತಿನ್ನಬೇಕು. ಇಲ್ಲದಿದ್ದರೆ ನಾಲಗೆಗೂ ಗಂಟಲಿಗೂ ಚುಚ್ಚುತ್ತದೆ.

ಹೊಸ ಬೇಲಿಯ ಕೆಲಸ ಈಗಿನಿಂದಲೇ ಶುರುವಾಗಬೇಕು. ತಿಂದ ಸೀತಾಫಲದ ಬೀಜ ತೊಳೆದು ನೆರಳಿನಲ್ಲಿ ಒಣಗಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಿತ್ತಿದ ಮೇಲೆ ಮೊಳೆಯಲು ಒಂದು ತಿಂಗಳೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ, ಹೆದರಬೇಡಿ. ಬೋರೆಯ ಗೊರಟನ್ನು ಮೆಲ್ಲನೆ ಒಡೆದು ಒಳಗಿನ ಬೀಜ ಬಿತ್ತಿದರೆ ವಾರದೊಳಗೆ ಮೊಳೆಯುತ್ತದೆ. ಹಾಗೆಯೇ ಬಿತ್ತಿದರೆ ಮೂರು ನಾಲ್ಕು ವಾರ ಬೇಕು. ಕವಳಿ ಬೀಜ ಮಾತ್ರ ಇಟ್ಟರೆ ಕೆಡುತ್ತದೆ, ಹಣ್ಣಿನ ಕಾಲದಲ್ಲೇ ಹಸಿಯಾಗಿ ಬಿತ್ತಬೇಕು. ಚೀಲದಲ್ಲಿ ಬೆಳೆಸಿದ ಸಸಿಗಳನ್ನು ಮುಂಗಾರು ಹಿಡಿದ ಕೂಡಲೆ ಬದುವಿನ ಮೇಲೆ ನೆಡಿ. ಕವಳಿಯನ್ನು ಎರಡು ಸಾಲಾಗಿ, ಗಿಡದಿಂದ ಗಿಡಕ್ಕೆ ಎರಡು ಮೂರು ಅಡಿ ಬಿಟ್ಟು, ಒಂದರ ಸಂದಿಗೆ ಇನ್ನೊಂದು ಬರುವಂತೆ ಇಡಿ. ನಡುನಡುವೆ ಹದಿನೈದಿಪ್ಪತ್ತು ಅಡಿಗೊಂದು ಸೀತಾಫಲ, ಒಂದು ಬೋರೆ. ಮೊದಲ ಎರಡು ವರ್ಷ ದನ ಆಡಿನಿಂದ ಕಾಯಬೇಕು. ಅದಕ್ಕೆ ಜಾಲಿಮುಳ್ಳಿನ ಒಣಬೇಲಿ ಸಾಕು.

ಬದುವಿನಲ್ಲಿ ಕಾಡುಬೋರೆ ಇದ್ದವರು ಅದನ್ನು ಕಡಿದೆಸೆಯಬೇಡಿ. ಬೇಸಿಗೆಯಲ್ಲಿ ಬುಡದಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಬಂದ ಹೊಸ ಚಿಗುರಿಗೆ ಮುಂಗಾರಿನಲ್ಲಿ ಉಮ್ರಾನ್ ಮೊದಲಾದ ಒಳ್ಳೆಯ ತಳಿಯ ಕಣ್ಣು ಕಸಿ ಮಾಡಿಸಿದರೆ ಅದೇ ಬೇರಿನ ಮೇಲೆ ಸಂತೆಗೆ ಒಯ್ಯುವಂಥ ಹಣ್ಣು ಬಿಡುತ್ತದೆ. ಬೇಲಿ ಸವರುವ ಕೆಲಸವನ್ನೂ ಬೇಸಿಗೆಯಲ್ಲಿ, ಎಲೆ ಉದುರಿದ ಮೇಲೆ ಇಟ್ಟುಕೊಳ್ಳಿ. ಈಗ ಸವರಿದರೆ ಹಣ್ಣೂ ಹೋಯಿತು, ಜೇನಿನ ಹೂವೂ ಹೋಯಿತು.

ಮರಹರಳು, ಹಳದಿ ಕಣಗಿಲೆಗಳನ್ನು ಶಾಲೆಯ ದಾರಿಯಲ್ಲಿ, ಅಂಗನವಾಡಿಯ ಸುತ್ತ ನೆಡಬೇಡಿ. ಈಗಾಗಲೇ ಇದ್ದರೆ ಕಾಯಿ ಕಟ್ಟುವ ಮೊದಲೇ ಸವರಿ, ಮೆಲ್ಲಮೆಲ್ಲಗೆ ಬೇರೆ ಗಿಡ ತನ್ನಿ. ಲಂಟಾನವನ್ನು ಬುಡಸಹಿತ ಕಿತ್ತು, ಆ ಜಾಗದಲ್ಲಿ ಕೂಡಲೆ ಇನ್ನೊಂದು ಸಸಿ ಊರಿರಿ.

ಕಡೆಯದಾಗಿ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಈ ಭಾನುವಾರ ಸಂಜೆ ಮನೆಯ ಮಕ್ಕಳನ್ನು ಕರೆದುಕೊಂಡು ಹೊಲದ ಸುತ್ತ ನಡೆಯಿರಿ. ಅಜ್ಜಿ ಇದ್ದರೆ ಅವರನ್ನೂ ಕರೆಯಿರಿ, ನಮಗಿಂತ ಅವರಿಗೆ ಗಿಡದ ಗುರುತು ಹೆಚ್ಚು. ಒಂದೊಂದು ಗಿಡದ ಮುಂದೆ ನಿಂತು ಇದು ಕಾರೆ, ಇದು ಪರಗಿ, ಇದು ತಿನ್ನಬಹುದು, ಇದು ಮುಟ್ಟಬಾರದು ಎಂದು ಹೇಳಿಸಿ. ಹಣ್ಣು ಕೀಳುವಾಗ ಹಕ್ಕಿಗೆ, ದಾರಿಹೋಕರಿಗೆ ಒಂದಿಷ್ಟು ಬಿಡಿಸಿ. ಆ ಸುತ್ತು ಮುಗಿಸಿ ಮನೆಗೆ ಬಂದ ಮೇಲೆ, ಬೇಲಿ ಕೀಳುವುದೋ ಬಿಡುವುದೋ ಎಂದು ನೀವೇ ತೀರ್ಮಾನ ಮಾಡಿ.